ತುಲೆಗೆ ತಿಳಿಯದ ಮೀನು

ಕೃಷ್ಣೆಯಲ್ಲಿ ಮೀನು ಸಾಯುತ್ತಿವೆ ಎಂದು ಹುಲಿಗೆಮ್ಮನಿಗೆ ಮೊದಲು ಹೇಳಿದವನು ಪಂಪ್‌ಹೌಸಿನ ರಾಜಾಸಾಬ. ಬೆಳಿಗ್ಗೆ ಏಳು ಗಂಟೆಗೆ ಅವನ ಫೋನ್ ಬಂದಾಗ ಅವಳಿನ್ನೂ ಮನೆಯಲ್ಲೇ ಇದ್ದಳು. ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಳು.

"ಮೇಡಂ, ಮೀನು ಹೊಟ್ಟಿ ಮ್ಯಾಲ ಮಾಡಿ ತೇಲಾಕತ್ಯಾವ. ಒಂದೆರಡಲ್ಲ. ನೀರಾಗ ಕೈ ಇಟ್ಟು ನೋಡಿದೆ. ಜಳಕಕ್ಕ ಕಾಸಿದಂಗ ಐತಿ."

"ಪಂಪಿನ ಜಾಲರಿಗೆ ಬಂದಾವೇನು?"

"ಇನ್ನಾ ಬಂದಿಲ್ಲ. ಬರ್ತಾವ."

ಹುಲಿಗೆಮ್ಮ ಕಾಡಗುಂಡ ಅಣುಸ್ಥಾವರದಲ್ಲಿ ಪಾಳಿಯ ಮುಖ್ಯಸ್ಥೆ. ಇನ್ನೂರು ಮೆಗಾವ್ಯಾಟಿನ ಸಣ್ಣ ಸ್ಥಾವರ ಅದು. ಹಿಂದೆ ಅದೇ ಜಾಗದಲ್ಲಿ ಕಲ್ಲಿದ್ದಲಿನ ಸ್ಥಾವರವಿತ್ತು. ಅದನ್ನು ಕೆಡವಿ, ಚಿಮಣಿಗಳನ್ನು ಮದ್ದಿಟ್ಟು ಬೀಳಿಸಿ, ಅದೇ ನದಿಯ ಅದೇ ನೀರಿನ ಮೇಲೆ ಅಣುಸ್ಥಾವರ ಎಬ್ಬಿಸಿ ಹದಿನಾಲ್ಕು ವರ್ಷವಾಗಿತ್ತು. ಅವಳ ಅಪ್ಪ ತಾಯಪ್ಪ ಹಳೆಯ ಸ್ಥಾವರದಲ್ಲಿ ಬೂದಿ ಇಳಿಸುವ ಕೆಲಸದಲ್ಲಿ ಇಪ್ಪತ್ತಾರು ವರ್ಷ ದುಡಿದಿದ್ದ. ಈಗ ಅವನ ಮೂಗಿಗೆ ಎರಡು ಎಳೆಯ ಕೊಳವೆ, ಮಂಚದ ಬದಿಗೆ ಗುರುಗುಟ್ಟುವ ಆಕ್ಸಿಜನ್ ಮಷಿನ್. ಕರೆಂಟು ಇದ್ದರೆ ಅವನಿಗೆ ಉಸಿರು. ಕರೆಂಟು ಹೋದರೆ ಒಂದು ಸಣ್ಣ ಸಿಲಿಂಡರ್ ನಲವತ್ತು ನಿಮಿಷ ಕಾಯುತ್ತದೆ, ಅಷ್ಟೆ.

ಮಗಳು ಅಣುಸ್ಥಾವರಕ್ಕೆ ಸೇರುತ್ತೇನೆಂದಾಗ ತಾಯಪ್ಪ ಎರಡು ದಿನ ಊಟ ಬಿಟ್ಟಿದ್ದ. "ಅದು ಕಣ್ಣಿಗೆ ಕಾಣಂಗಿಲ್ಲ ತಂಗಿ. ಕಾಣದ್ದಕ್ಕ ಅಂಜಬೇಕು" ಎಂದಿದ್ದ. "ಬೂದಿ ಕಾಣ್ತಿತ್ತಲ್ಲಪ್ಪ. ನೀ ಎಂದಾದ್ರೂ ಅಂಜಿದ್ದೇನು?" ಎಂದು ಅವಳು ಕೇಳಿದ್ದಳು. ಬೂದಿ ನಿಧಾನವಾಗಿ ತಿಂದಿತ್ತು. ಇಡೀ ಕಾಲೊನಿಯನ್ನು ವರ್ಷಕ್ಕಿಬ್ಬರು ಮೂವರಂತೆ ತಿಂದಿತ್ತು. ಒಂದೇ ದಿನ ತಿನ್ನಲಿಲ್ಲವೆಂದು ಯಾರೂ ಓಡಿಹೋಗಿರಲಿಲ್ಲ.

ಆ ದಿನ ಅವಳು ಚಪ್ಪಲಿ ಮೆಟ್ಟುವಾಗ ತಾಯಪ್ಪ ಕೇಳಿದ. "ಏನಂತ ರಾಜಾ?"

"ಮೀನು ಸಾಯಾಕತ್ಯಾವಂತ."

"ಬಿಸಲಿಗೆ ಮನಿಷ್ಯಾರ ಸಾಯಾಕತ್ಯಾರ. ಮೀನಿಂದೇನು." ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಎರಡು ಸಲ ಉಸಿರು ಕಟ್ಟಿತು. ಪಕ್ಕದ ಮನೆಯ ಖಾಜಾಬಿಗೆ ಅಪ್ಪನನ್ನು ನೋಡಿಕೊಳ್ಳಲು ಹೇಳಿ ಅವಳು ಹೊರಟಳು. ಎಂಟು ಗಂಟೆಗೇ ಬಿಸಿಲು ನಲವತ್ತು ದಾಟಿತ್ತು.

*

ಕಂಟ್ರೋಲ್ ರೂಮಿನ ಎಡಗೋಡೆಯ ಮೇಲೆ ಉಳಿದೆಲ್ಲ ಪರದೆಗಳಿಗಿಂತ ಎತ್ತರದಲ್ಲಿ ಒಂದು ಪರದೆಯಿತ್ತು. ಅದರ ಮೇಲೆ ಬರುತ್ತಿದ್ದುದು ತುಲೆಯ ಮಾತು.

ತುಲೆ ಎಂದರೆ ಬೆಂಗಳೂರಿನಲ್ಲಿ ಕುಳಿತು ಇಡೀ ರಾಜ್ಯದ ವಿದ್ಯುತ್ತನ್ನು ತೂಗುವ ಗಣಕ. ಯಾವ ವಿದ್ಯುತ್ತೂ ಬಿಟ್ಟಿಯಲ್ಲ, ಎಲ್ಲಕ್ಕೂ ಎಲ್ಲೋ ಯಾರದೋ ಜೀವ ತೆರಬೇಕು ಎಂಬುದನ್ನು ಸರ್ಕಾರ ಕೊನೆಗೂ ಒಪ್ಪಿಕೊಂಡ ಮೇಲೆ ಅದು ಬಂದಿತ್ತು. ಕಲ್ಲಿದ್ದಲಿನ ಹೊಗೆಯಿಂದ ಎಷ್ಟು ಮಂದಿ ಕೆಮ್ಮಿ ಸಾಯುತ್ತಾರೆ, ಅಣೆಕಟ್ಟು ಒಡೆದರೆ ಎಷ್ಟು ಊರು ಮುಳುಗುತ್ತವೆ, ಗಾಳಿ ನಿಂತು ಬಿಸಿಲು ಮರೆಯಾದ ದಿನ ಆಸ್ಪತ್ರೆಗಳಲ್ಲಿ ಏನಾಗುತ್ತದೆ, ಅಣುಸ್ಥಾವರ ಕೈಮೀರಿದರೆ ಎಷ್ಟು ದೂರ ಎಷ್ಟು ಜನ, ಇವೆಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ, ಹದಿನೈದು ನಿಮಿಷಕ್ಕೊಮ್ಮೆ ಯಾವ ಸ್ಥಾವರ ಎಷ್ಟು ಓಡಬೇಕೆಂದು ಅದು ಹೇಳುತ್ತಿತ್ತು. ಪಾಳಿಯ ಮುಖ್ಯಸ್ಥರಿಗೆ ಅದನ್ನು ಮೀರುವ ಅಧಿಕಾರ ಕಾನೂನಿನಲ್ಲಿತ್ತು, ಕಾರಣ ಬರೆದು ಸಹಿ ಮಾಡಬೇಕು. ಆರು ವರ್ಷಗಳಲ್ಲಿ ಯಾರೂ ಮೀರಿರಲಿಲ್ಲ. ಅದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಹೊರಗೆ ನಲವತ್ತೆಂಟು ಡಿಗ್ರಿ. ಬೋರ್ಡಿನ ಮುಂದೆ ಕುಳಿತಿದ್ದ ಪ್ರಾಣೇಶ, ಹುಲಿಗೆಮ್ಮನ ಸಹಾಯಕ ಎಂಜಿನಿಯರ್, ಪರದೆ ನೋಡಿ ಒಂದೊಂದೇ ಹೇಳತೊಡಗಿದ.

"ಗದಗಿನ ಕಡೆ ಗಾಳಿಯಂತ್ರ ಆರು ದಿನದಿಂದ ನಿಂತಾವ್ರಿ. ಎಲಿ ಅಲ್ಲಾಡವಲ್ದು. ಪಾವಗಡದ ಮ್ಯಾಲ ಧೂಳಿನ ಮೋಡ ಬಂದೈತಿ, ಸೌರ ಅರ್ಧಕ್ಕರ್ಧ ಇಳದೈತಿ. ಡ್ಯಾಮಿನ್ಯಾಗ ನೀರು ತಳಾ ಮುಟ್ಟೈತಿ. ಉಳದ ಎರಡು ಕಲ್ಲಿದ್ದಲು ಯೂನಿಟ್ ತಮ್ಮ ತಾಕತ್ತಿನ ತುದೀಗೆ ಓಡಾಕತ್ಯಾವ."

"ನಮ್ಮದು?"

"ಇನ್ನೂರು, ಪೂರ್ತಿ. ಒಂದೂ ಕಡಿಮಿ ಮಾಡಬ್ಯಾಡ್ರಿ ಅನ್ನಾಕತ್ಯದ ತುಲೆ."

ರಾಜಾಸಾಬನ ಎರಡನೇ ಫೋನು ಆಗಲೇ ಬಂದದ್ದು. ಈ ಸಲ ಅವನು ಮೇಡಂ ಅನ್ನಲೂ ಇಲ್ಲ. "ಬರ್ರಿ. ಬಂದು ನಿಮ್ಮ ಕಣ್ಣಿಲೆ ನೋಡ್ರಿ" ಎಂದು ಇಟ್ಟುಬಿಟ್ಟ.

ಪಾಳಿಯ ಮುಖ್ಯಸ್ಥೆ ಕಂಟ್ರೋಲ್ ರೂಮ್ ಬಿಟ್ಟು ಹೋಗುವಂತಿಲ್ಲ. ಹುಲಿಗೆಮ್ಮ ಹತ್ತು ನಿಮಿಷಕ್ಕೆಂದು ಪುಸ್ತಕದಲ್ಲಿ ಬರೆದು, ಪ್ರಾಣೇಶನಿಗೆ ಒಪ್ಪಿಸಿ ಹೋದಳು.

ಜೀಪಿನಿಂದ ಇಳಿಯುವ ಮೊದಲೇ ನಾತ ಮೂಗಿಗೆ ಬಡಿಯಿತು. ನದಿ ನದಿಯಂತಿರಲಿಲ್ಲ. ಬ್ಯಾರೇಜಿನ ಹಿಂದೆ ಉಳಿದಿದ್ದ ಮಡುವಿನ ಮೇಲೆ ಬಿಳಿಯ ಹಾಸು ಹಾಸಿದಂತೆ ಮೀನು ಹರಡಿದ್ದವು. ಅಂಗೈಯಷ್ಟು, ಮೊಳದಷ್ಟು, ಮಗುವಿನಷ್ಟು ದೊಡ್ಡವು. ಹಾಸು ಸುಮ್ಮನೆ ನಿಂತಿರಲಿಲ್ಲ. ನಿಧಾನವಾಗಿ, ಒಂದೇ ದಿಕ್ಕಿಗೆ, ಪಂಪ್‌ಹೌಸಿನ ಕಡೆಗೆ ಸರಿಯುತ್ತಿತ್ತು.

ಅಲ್ಲಿ ಮೂರು ಪಂಪು ಸೆಕೆಂಡಿಗೆ ಒಂದೊಂದು ದೊಡ್ಡ ಬಾವಿಯಷ್ಟು ನೀರನ್ನು ಸೆಳೆಯುತ್ತಿದ್ದವು. ಒಂದೊಂದರ ಬಾಯಿಗೂ ಕಬ್ಬಿಣದ ಸರಳಿನ ಜಾಲರಿ. ಹನ್ನೆರಡು ಜನ ಕೆಲಸಗಾರರು ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಹೊಲದ ಕುಂಟೆಯಂಥ ಉದ್ದ ಹಲ್ಲಿನ ಕೋಲುಗಳಿಂದ ಮೀನು ಎಳೆದೆಳೆದು ದಡಕ್ಕೆ ಹಾಕುತ್ತಿದ್ದರು. ಒಂದು ಬುಟ್ಟಿ ತೆಗೆದರೆ ನಾಲ್ಕು ಬುಟ್ಟಿ ಬಂದು ಅಂಟುತ್ತಿದ್ದವು. ನಡುವಿನ ಜಾಲರಿ ಒಳಕ್ಕೆ ಬಾಗಿತ್ತು. ಹೊಟ್ಟೆಗೆ ಗುದ್ದು ತಿಂದವನು ಬಾಗುವಂತೆ. ಸರಳುಗಳು ಆಗಾಗ ಕಿರ್ರ್ ಎನ್ನುತ್ತಿದ್ದವು.

"ಇದು ಹಿಡಿತೈತೇನು ರಾಜಾಸಾಬ?"

ಅವನು ಮುಖದ ಟವೆಲ್ ಇಳಿಸಿದ. ಇಪ್ಪತ್ತು ವರ್ಷದಿಂದ ಆ ನದಿಯನ್ನೇ ನೋಡುತ್ತಿದ್ದ ಮನುಷ್ಯ. "ದೇವರ ಮ್ಯಾಲ ಭಾರ ಹಾಕಿ ಹೇಳ್ಲೇನು, ಕಣ್ಣಿಗೆ ಕಂಡದ್ದು ಹೇಳ್ಲೇನು?"

"ಕಂಡದ್ದು."

"ಹಿಡಿಯಂಗಿಲ್ರಿ. ಸಂಜಿಮುಂದ ಹೋಗ್ತದೋ, ಇನ್ನೊಂದು ತಾಸಿಗೆ ಹೋಗ್ತದೋ, ಅದು ಗೊತ್ತಿಲ್ಲ."

ಜಾಲರಿ ಹರಿದರೆ ಏನಾಗುತ್ತದೆಂದು ಅವನಿಗೂ ಗೊತ್ತಿತ್ತು. ಮೀನೆಲ್ಲ ಒಳಗಿನ ಬಾವಿಗೆ ನುಗ್ಗಿ ಕೊಳವೆ ಕಟ್ಟಿಕೊಳ್ಳುತ್ತವೆ. ರೊಟ್ಟಿ ಬೇಯಿಸಿ ಒಲೆ ಆರಿಸಿದರೂ ಹೆಂಚು ಕಾದೇ ಇರುತ್ತದೆ. ಅಣುಸ್ಥಾವರದ ಹೆಂಚು ದಿನಗಟ್ಟಲೆ ಕಾದಿರುತ್ತದೆ. ಉರಿ ನಿಲ್ಲಿಸಿದ ಮೇಲೂ ಅದರ ಮೇಲೆ ನೀರು ಹರಿಸುತ್ತಲೇ ಇರಬೇಕು. ಆ ನೀರು ಬರುವುದೂ ಅದೇ ಬಾವಿಯಿಂದ.

ವಾಪಸು ಬರುವಾಗ ಜೀಪಿನಲ್ಲಿ ಹುಲಿಗೆಮ್ಮ ಗಡಿಯಾರ ನೋಡಿಕೊಂಡಳು.

*

"ನಿಲ್ಲಿಸಿಬಿಡೋಣೇನ್ರಿ?" ಎಂದ ಪ್ರಾಣೇಶ. ಅವಳು ಜಾಲರಿಯ ಸ್ಥಿತಿ ಹೇಳಿದ್ದಳು.

"ಪೂರ್ತಿ ನಿಲ್ಲಿಸಿದ್ರ ಗ್ರಿಡ್ ಬೀಳ್ತದ. ಗ್ರಿಡ್ ಬಿದ್ರ ನಮ್ಮ ಪಂಪಿಗೇ ಕರೆಂಟಿಲ್ಲ. ಡೀಸೆಲ್ ಜನರೇಟರ್ ಎರಡರಾಗ ಒಂದು ಬಿಚ್ಚಿ ಇಟ್ಟೈತಿ. ಇನ್ನೊಂದು ಈ ಧೂಳಿನ್ಯಾಗ ಎಷ್ಟೊತ್ತು ಓಡ್ತದ, ಹೇಳು?"



ಇನ್ನೊಂದು ದಾರಿಯಿತ್ತು. ಸ್ಥಾವರವನ್ನು ಗ್ರಿಡ್ಡಿನಿಂದ ಕಳಚಿ, ಇನ್ನೂರರಿಂದ ಇಪ್ಪತ್ತು ಮೆಗಾವ್ಯಾಟಿಗೆ ಇಳಿಸಿ, ತನ್ನ ಪಂಪುಗಳನ್ನು ತಾನೇ ಓಡಿಸಿಕೊಳ್ಳುವಂತೆ ಮಾಡುವುದು. ಆಗ ಒಂದೇ ಪಂಪು ಸಾಕು. ನಡುವಿನದೂ ಸೇರಿ ಎರಡನ್ನು ನಿಲ್ಲಿಸಬಹುದು, ಸೆಳೆತ ಕಡಿಮೆಯಾಗುತ್ತದೆ, ಮೀನು ಬರುವುದು ನಿಲ್ಲುತ್ತದೆ. ಕಳಚುವ ಮೊದಲು ಹಂತಹಂತವಾಗಿ ಇಳಿಸಲು ಹನ್ನೆರಡು ನಿಮಿಷ ಬೇಕು. ಆದರೆ ಕಳಚಿದ ಕ್ಷಣ ಕಲಬುರಗಿ, ಯಾದಗಿರಿ, ಶಹಾಪುರದ ಕಡೆ ಲಕ್ಷಾಂತರ ಮನೆಗಳಲ್ಲಿ ಫ್ಯಾನು ನಿಲ್ಲುತ್ತದೆ. ನಲವತ್ತೆಂಟು ಡಿಗ್ರಿಯಲ್ಲಿ.

ಅವಳು ಆ ದಾರಿಯನ್ನು ತುಲೆಯ ಮುಂದಿಟ್ಟಳು. ಉತ್ತರ ಬರಲು ನಾಲ್ಕು ಸೆಕೆಂಡು ಹಿಡಿಯಿತು. ಪೂರ್ತಿ ಓಡಿಸಿದರೆ ಸಾವಿನ ನಿರೀಕ್ಷೆ: ಸೊನ್ನೆ ಪಾಯಿಂಟ್ ಎಂಟು. ಕಳಚಿದರೆ: ಅರವತ್ತೆರಡು.

"ಸೊನ್ನೆ ಪಾಯಿಂಟ್ ಎಂಟು ಮಂದಿ ಹೆಂಗ ಸಾಯ್ತಾರ?" ಎಂದಳು ಹುಲಿಗೆಮ್ಮ. ಗೊತ್ತಿದ್ದೂ ಕೇಳಿದಳು.

"ಹತ್ತು ಸಾವಿರದಾಗ ಒಂದು ಸಲ ಕೈಮೀರ್ತದ. ಮೀರಿದ್ರ ಎಂಟು ಸಾವಿರ ಮಂದಿ. ಅದನ್ನ ಭಾಗಿಸ್ಯದ." ಪ್ರಾಣೇಶ ತುಟಿ ಒರೆಸಿಕೊಂಡ. "ಕಳಚಿದ್ರ ಸಾಯವ್ರು ಖರೇನ ಸಾಯ್ತಾರ್ರಿ. ಇವತ್ತ ಸಾಯ್ತಾರ."

ಅವಳು ಬೆಂಗಳೂರಿನ ಹಂಚಿಕೆ ಕೇಂದ್ರಕ್ಕೆ ಫೋನ್ ಮಾಡಿದಳು. ಎತ್ತಿಕೊಂಡ ಅಧಿಕಾರಿಯ ದನಿ ಬೆಳಗಿನಿಂದ ಮಾತಾಡಿ ಮಾತಾಡಿ ಒಡೆದಿತ್ತು.

"ಮೇಡಂ, ದಯವಿಟ್ಟು. ನಿಮ್ಮ ಇನ್ನೂರು ಹೋದ್ರೆ ಆ ಭಾಗಕ್ಕೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ತುಲೆ ಸ್ಪಷ್ಟವಾಗಿ ಹೇಳ್ತಿದೆಯಲ್ಲ."

"ತುಲೆಗೆ ನೀರಿನ ಬಿಸಿ ಗೊತ್ತು, ನೀರಿನ ಮಟ್ಟ ಗೊತ್ತು. ಮೀನು ಗೊತ್ತಿಲ್ಲ ಸರ್. ನಮ್ಮ ಜಾಲರಿ ಬಾಗೈತಿ. ಅದನ್ನ ಲೆಕ್ಕಕ್ಕ ಹಾಕ್ರಿ."

ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು. "ಹಾಕ್ತೀನಿ. ಜಾಲರಿ ಮುರಿಯೋ ಸಾಧ್ಯತೆ ಎಷ್ಟು? ನೂರಕ್ಕೆ ಎಷ್ಟು, ಒಂದು ಸಂಖ್ಯೆ ಕೊಡಿ."

ಹುಲಿಗೆಮ್ಮ ಬಾಯಿ ತೆರೆದಳು. ಸಂಖ್ಯೆ ಬರಲಿಲ್ಲ. ಹಿಡಿಯಂಗಿಲ್ರಿ ಎಂದ ರಾಜಾಸಾಬನ ಮಾತಿಗೆ ನೂರಕ್ಕೆ ಎಷ್ಟು? ಸರಳಿನ ಆ ಕಿರ್ರ್ ಸದ್ದಿಗೆ ಎಷ್ಟು?

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅಂತ ಹಾಕೋಕೆ ಬರಲ್ಲ ಮೇಡಂ." ಅವನು ಕುಹಕವಾಡುತ್ತಿರಲಿಲ್ಲ. ಅವನೂ ಅಂಜಿದ್ದ. "ನಿಮ್ಮ ಅಧಿಕಾರ ನಿಮಗಿದೆ. ಆದರೆ ಒಂದು ಮಾತು ಕೇಳ್ತೀನಿ. ನೀವು ಲೆಕ್ಕ ಹಾಕಿ ಹೇಳ್ತಿದೀರೋ, ಹೆದರಿ ಹೇಳ್ತಿದೀರೋ?"

ಹೆದರಿಕೆಯೋ ತಿಳಿವಳಿಕೆಯೋ ಅವಳಿಗೂ ತಿಳಿಯಲಿಲ್ಲ. ಕಣ್ಣು ಮುಚ್ಚಿದರೆ ಬಿಳಿ ಹಾಸು ಸರಿಯುತ್ತ ಬರುವುದು ಕಾಣುತ್ತಿತ್ತು. ಅದರ ಹಿಂದೆ ಕಾಡಗುಂಡ, ನದಿಯಾಚೆಯ ಊರುಗಳು, ಗಂಟುಮೂಟೆ ಕಟ್ಟಿಕೊಂಡು ರಸ್ತೆ ತುಂಬ ಓಡುವ ಜನ, ಮತ್ತೆ ಎಂದೂ ಯಾರೂ ಬಿತ್ತದ ಹೊಲ. ಕಣ್ಣು ತೆರೆದರೆ ಗೋಡೆಯ ಮೇಲೆ ಅರವತ್ತೆರಡು. ಆ ಅರವತ್ತೆರಡು ಮಂದಿ ಈಗ ಊಟ ಮುಗಿಸಿ ಫ್ಯಾನಿನ ಕೆಳಗೆ ಅಡ್ಡಾಗಿರಬೇಕು. ಆ ಲೆಕ್ಕದಲ್ಲಿ ತಾವಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ.

ಎರಡು ನಲವತ್ತಕ್ಕೆ ರಾಜಾಸಾಬ ಮತ್ತೆ ಫೋನ್ ಮಾಡಿದ. ನಡುವಿನ ಜಾಲರಿಯ ಒಂದು ಸರಳು ಮೂಲೆಯಿಂದ ಕಿತ್ತು ಬಂದಿತ್ತು. ಕೋಲು ಹಿಡಿದಿದ್ದವರಲ್ಲಿ ಇಬ್ಬರು ಬಿಸಿಲಿಗೆ ಬವಳಿ ಬಂದು ಬಿದ್ದಿದ್ದರು.

"ಇಳಸು" ಎಂದಳು ಹುಲಿಗೆಮ್ಮ.

"ಮೇಡಂ?"

"ಹನ್ನೆರಡು ನಿಮಿಷ. ಶುರು ಮಾಡು. ಸಹಿ ನಾ ಮಾಡ್ತೀನಿ."

ಕಾರಣದ ಜಾಗದಲ್ಲಿ ಅವಳು ಎರಡು ಪದ ಬರೆದಳು: ಜಾಲರಿ ಹಿಡಿಯುವಂತಿಲ್ಲ. ಆಮೇಲೆ, ಉಳಿಯುವ ಇಪ್ಪತ್ತು ಮೆಗಾವ್ಯಾಟಿನಲ್ಲಿ ಹದಿನಾಲ್ಕು ಸ್ಥಾವರಕ್ಕೇ ಬೇಕು, ಮಿಕ್ಕ ಆರರಲ್ಲಿ ಊರಿನ ಆಸ್ಪತ್ರೆ ಮತ್ತು ಕುಡಿಯುವ ನೀರಿನ ಪಂಪು ಎಂದು ಗುರುತು ಹಾಕಿದಳು. ಕಾಲೊನಿಯ ಲೈನೊಂದೇ ಎಂಟು ಎಳೆಯುತ್ತಿತ್ತು. ಅದನ್ನು ಪಟ್ಟಿಯಿಂದ ತೆಗೆಯುವಾಗ ಪ್ರಾಣೇಶ ಅವಳ ಮುಖ ನೋಡಿದ. ತಾಯಪ್ಪನ ವಿಷಯ ಅವನಿಗೆ ಗೊತ್ತಿತ್ತು.

"ತಗಿ" ಎಂದಳು.

ಬಳಿಕ ಗೋಡೆಯ ಕಡೆ ತಿರುಗಿ ನಿಂತು ಖಾಜಾಬಿಗೆ ಫೋನ್ ಮಾಡಿದಳು. "ಖಾಜಾಬಿ, ಕರೆಂಟು ಹೋಗ್ತದ. ಇನ್ನ ಹತ್ತು ನಿಮಿಷ. ಯಪ್ಪನ್ನ ಆಸ್ಪತ್ರಿಗೆ ಒಯ್ಯಿ. ಯಾಕಂತ ಕೇಳಬ್ಯಾಡ. ಒದ್ದಿ ಚಾದರ ಹೊಚ್ಚು. ಓಡು."

ಎರಡು ಐವತ್ನಾಲ್ಕಕ್ಕೆ ಸ್ಥಾವರ ಗ್ರಿಡ್ಡಿನಿಂದ ಕಳಚಿಕೊಂಡಿತು. ದೀಪಗಳು ಮಂಕಾದವು. ಟರ್ಬೈನಿನ ಸದ್ದು ಮೇಲೇರಿತು, ಗಂಟಲು ಹಿಚುಕಿದ ಪ್ರಾಣಿಯಂತೆ ಇನ್ನೂ ಮೇಲೇರಿತು. ಪ್ರಾಣೇಶ ಕುರ್ಚಿಯ ಕೈ ಹಿಡಿದುಕೊಂಡು ಏನೋ ಸ್ತೋತ್ರ ಗೊಣಗುತ್ತಿದ್ದ. ಇಪ್ಪತ್ತು ಸೆಕೆಂಡು ಹಾಗೇ ಇತ್ತು. ಆಮೇಲೆ ಸದ್ದು ಇಳಿಯಿತು, ಒಂದು ಮಟ್ಟಕ್ಕೆ ನಿಂತಿತು. ಸ್ಥಾವರ ತನ್ನನ್ನು ತಾನೇ ಹೊತ್ತುಕೊಂಡಿತ್ತು.

ಬಲಗೋಡೆಯ ನಕ್ಷೆಯಲ್ಲಿ ಮಾತ್ರ ಕಾಡಗುಂಡದಿಂದ ಉತ್ತರಕ್ಕೆ ಒಂದೊಂದೇ ಚುಕ್ಕಿ ಆರುತ್ತ ಹೋಯಿತು.

*

ತಾಯಪ್ಪ ಬದುಕಿದ. ಖಾಜಾಬಿ ಮತ್ತು ಕಾಲೊನಿಯ ಮೂವರು ಹೆಂಗಸರು ಅವನನ್ನು ತರಕಾರಿಯ ತಳ್ಳುಗಾಡಿಯ ಮೇಲೆ ಮಲಗಿಸಿ, ಮೇಲೆ ಒದ್ದೆ ಚಾದರ ಹೊದಿಸಿ, ಅವನ ಎದೆಯ ಮೇಲೆ ಸಿಲಿಂಡರ್ ಇಟ್ಟು, ಡಾಂಬರು ಕರಗಿ ಚಕ್ರಕ್ಕೆ ಅಂಟುವ ರಸ್ತೆಯಲ್ಲಿ ಒಂದೂವರೆ ಕಿಲೋಮೀಟರ್ ತಳ್ಳಿದ್ದರು. ಖಾಜಾಬಿಯ ಅಂಗಾಲು ಬೊಕ್ಕೆ ಬಂದು ಹದಿನೈದು ದಿನ ನಡೆಯಲಾಗಲಿಲ್ಲ.

ಕರೆಂಟು ಮತ್ತೆ ಬಂದದ್ದು ಸಂಜೆ ಏಳೂವರೆಗೆ. ಅಷ್ಟರಲ್ಲಿ ಐವತ್ನಾಲ್ಕು ಜನ ಸತ್ತಿದ್ದರು. ಹೆಚ್ಚಿನವರು ಮುದುಕರು, ನಾಲ್ಕು ಹಸುಗೂಸುಗಳು. ತುಲೆ ಹೇಳಿದ್ದಕ್ಕಿಂತ ಎಂಟು ಕಡಿಮೆ. ಅದು ಬಹುಮಟ್ಟಿಗೆ ಸರಿಯಾಗಿಯೇ ಹೇಳಿತ್ತು.

ಜಾಲರಿ ಹರಿಯಲಿಲ್ಲ. ನಡುವಿನದೂ ಸೇರಿ ಎರಡು ಪಂಪು ನಿಂತ ಕೂಡಲೇ ಸೆಳೆತ ಹೋಯಿತು, ಮೀನು ಮಡುವಿನ ನಡುವೆಯೇ ನಿಂತುಬಿಟ್ಟವು. ಕಿತ್ತು ಬಂದ ಸರಳು ಹಾಗೇ ಜೋತಾಡುತ್ತ ಉಳಿಯಿತು.

ವಿಚಾರಣೆ ಮೂರು ತಿಂಗಳು ನಡೆಯಿತು. ಸಮಿತಿಯವರು ಆ ಜಾಲರಿಯನ್ನು ಬಿಚ್ಚಿ ಒಯ್ದರು, ಅಳೆದರು, ಗಣಕದಲ್ಲಿ ಅದೇ ಮಧ್ಯಾಹ್ನವನ್ನು ಸಾವಿರಾರು ಸಲ ಓಡಿಸಿದರು. ಎಷ್ಟೋ ಸಲ ಜಾಲರಿ ಸಂಜೆಯವರೆಗೆ ಹಿಡಿಯಿತು, ಯಾರಿಗೂ ಏನೂ ಆಗಲಿಲ್ಲ. ಎಷ್ಟೋ ಸಲ ಹರಿಯಿತು. ಹರಿದಾಗಲೂ ಬಹಳ ಸಲ ಒಂಟಿ ಡೀಸೆಲ್ ಜನರೇಟರೇ ಕಾಪಾಡಿತು. ಕಾಪಾಡದ ಕೆಲವು ಸಲ ಏನಾಯಿತೆಂದು ವರದಿಯಲ್ಲಿ ಬರೆದಿತ್ತು, ಆ ಪುಟ ಓದಿದವರು ಪೂರ್ತಿ ಓದಲಿಲ್ಲ. ಕೊನೆಗೆ ಸಮಿತಿ ಅವಳನ್ನು ತಪ್ಪಿತಸ್ಥೆ ಎನ್ನಲಿಲ್ಲ, ಸರಿ ಮಾಡಿದೆ ಎಂದೂ ಬರೆಯಲಿಲ್ಲ. ತುಲೆಯಲ್ಲಿ ಜಾಲರಿಗೂ ಒಂದು ಜಾಗ ಮಾಡಲಾಯಿತು.

ಪತ್ರಿಕೆಗಳಲ್ಲಿ ಜಗಳವಾಯಿತು. ಅಣು ಬೇಡವೇ ಬೇಡ ಎಂದರು ಕೆಲವರು. ಅಣು ಹೆಚ್ಚಿದ್ದರೆ ಇದು ಆಗುತ್ತಲೇ ಇರಲಿಲ್ಲ ಎಂದರು ಕೆಲವರು. ಮನೆಮನೆಯ ಮೇಲೂ ಸೌರಫಲಕ ಎಂದರು, ಬ್ಯಾಟರಿ ಎಂದರು, ಕಲ್ಲಿದ್ದಲನ್ನೇ ಉಳಿಸಿಕೊಳ್ಳಬೇಕಿತ್ತು ಎಂದವರೂ ಇದ್ದರು. ಅದನ್ನು ಓದಿದ ದಿನ ತಾಯಪ್ಪ ಪತ್ರಿಕೆ ಮಡಚಿ ಮಂಚದ ಕೆಳಗೆ ಹಾಕಿದ. "ಬರದವ ಒಂದು ದಿನ ಬಂದು ಈ ನಳಿಗಿ ಹಾಕ್ಕೊಂಡು ಕುಂದ್ರಲಿ" ಎಂದ.

ಹುಲಿಗೆಮ್ಮ ಕೆಲಸಕ್ಕೆ ಹೋಗುತ್ತಲೇ ಇದ್ದಳು. ಆದರೆ ಒಳಗೆ ಏನೋ ಬದಲಾಗಿತ್ತು. ಫ್ಯಾನಿನ ಕೆಳಗೆ ಮಲಗಲು ಅವಳಿಗೆ ಆಗುತ್ತಿರಲಿಲ್ಲ. ಫ್ಯಾನು ತಿರುಗುವುದನ್ನೇ ನೋಡುತ್ತ, ಈಗ ನಿಂತೀತು, ಈಗ ನಿಂತೀತು ಎಂದು ಕಾಯುತ್ತಿದ್ದಳು.

*

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಮನೆಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಹತ್ತಿರದವಳು, ಹೆಗಲಿಗೆ ಚೀಲ.

"ಹುಲಿಗೆಮ್ಮ ಅಂದ್ರ ನೀವೇ ಏನ್ರಿ? ನಾ ಜಗದೇವಿ ಅಂತ. ಕಲಬುರಗಿಯಿಂದ ಬಂದೀನಿ. ಬಸ್ಸಿನ್ಯಾಗ ಕಂಡಕ್ಟರ್ ಇದ್ದೀನಿ." ಸ್ವಲ್ಪ ತಡೆದು ಹೇಳಿದಳು. "ಆ ದಿನ ನಮ್ಮವ್ವ ತೀರಿಕೊಂಡ್ಳು."

ಹುಲಿಗೆಮ್ಮ ಬಾಗಿಲು ಪೂರ್ತಿ ತೆರೆದಳು. ಒಳಗೆ ಕರೆದಳು. ನೀರು ಕೊಟ್ಟಳು. ಜಗದೇವಿ ನೀರು ಮುಟ್ಟದೆ ಮಂಚದ ಮೇಲಿನ ತಾಯಪ್ಪನನ್ನು ನೋಡಿದಳು, ಮೂಗಿನ ನಳಿಗೆ ನೋಡಿದಳು, ಗುರುಗುಟ್ಟುವ ಮಷಿನ್ ನೋಡಿದಳು.

"ಇವರೇನು ನಿಮ್ಮಪ್ಪ?"

"ಹೌದ್ರಿ."

"ನಮ್ಮ ಮನಿ ನಾಕನೇ ಅಂತಸ್ತಿನ್ಯಾಗ್ರಿ, ಮ್ಯಾಲೆ ತಗಡು. ನಾ ಜೇವರ್ಗಿ ರೂಟಿನ್ಯಾಗಿದ್ದೆ. ಬಂದು ನೋಡಿದ್ರ ಅವ್ವ ಬಾಗಲ ತನಕ ತೆವಳಿಕೋತ ಬಂದಿದ್ಳು. ಕದದ ಚಿಲಕಕ್ಕ ಕೈ ಮುಟ್ಟಿರಲಿಲ್ಲ. ಒಂದು ಗೇಣು ಉಳದಿತ್ತು."

ತಾಯಪ್ಪ ಮುಖ ಗೋಡೆಗೆ ತಿರುಗಿಸಿದ.

"ಇಂಗ್ಲಿಷ್ ವರದಿ ಓದಿಸಿ ಕೇಳೀನಿ" ಎಂದಳು ಜಗದೇವಿ. "ನನಗ ಒಂದು ತಿಳೀಲಿಲ್ಲ. ನೀವು ಕರೆಂಟು ತಗೀಲಾರದ ಬಿಟ್ಟಿದ್ರ ಅದು ಒಡೀತಿತ್ತೇನು?"

ಹೌದು ಎನ್ನಬಹುದಿತ್ತು. ಎದುರಿಗಿದ್ದವಳಿಗೆ ಅದರಿಂದ ಒಂದು ಸಮಾಧಾನ ಸಿಗುತ್ತಿತ್ತು. ಹೇಳಿದವಳಿಗೂ ಸಿಗುತ್ತಿತ್ತು.

"ಗೊತ್ತಿಲ್ರಿ" ಎಂದಳು ಹುಲಿಗೆಮ್ಮ. "ಇವತ್ತಿಗೂ ಗೊತ್ತಿಲ್ಲ. ನಂಗ ಅಂಜಿಕಿ ಬಂತು. ಜಾಲರಿ ನೋಡಿ ಬಂದಿದ್ದೆ, ಅಂಜಿಕಿ ಬಂತು. ಆ ಅಂಜಿಕಿ ಖರೇನೋ ಸುಳ್ಳೋ ಯಾರೂ ಹೇಳವಲ್ರು."

ಜಗದೇವಿ ಮತ್ತೊಮ್ಮೆ ಮಂಚದ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ನಿಮ್ಮಪ್ಪಗ ಮೊದಲ ಫೋನ್ ಮಾಡಿದ್ರಂತಲ್ಲ, ಕಾಲೊನಿಯವ್ರು ಹೇಳಿದ್ರು. ಹತ್ತು ನಿಮಿಷ ಮೊದಲ."

ವಿಚಾರಣೆಯಲ್ಲಿ ಮೂರು ತಿಂಗಳು ನೂರು ಪ್ರಶ್ನೆ ಕೇಳಿದ ಯಾರೂ ಇದೊಂದನ್ನು ಕೇಳಿರಲಿಲ್ಲ. ಪ್ರತಿದಿನ ತನ್ನನ್ನು ತಾನೇ ಕೇಳಿಕೊಂಡಿದ್ದಳು ಹುಲಿಗೆಮ್ಮ.

"ಮಾಡಿದೆ" ಎಂದಳು. "ಉಳದವ್ರಿಗೆ ಹೇಳಬೇಕಂತ ಹೊಳೀಲೇ ಇಲ್ರಿ. ಹನ್ನೆರಡು ನಿಮಿಷ ಇತ್ತು. ಆ ಹನ್ನೆರಡು ನಿಮಿಷದಾಗ ನಂಗ ನೆನಪಾದವ ಇವನೊಬ್ಬ."

ಅವಳಿಗೆ ಅಳು ಬಂದಿತು. ತಡೆದಳು. ಈ ಹೆಂಗಸಿನ ಮುಂದೆ ಅಳುವ ಹಕ್ಕು ತನಗಿಲ್ಲ ಅನಿಸಿತು.

"ನಮ್ಮ ಓಣ್ಯಾಗ ಹುಡುಗ್ರು ಇದ್ದರು" ಎಂದಳು ಜಗದೇವಿ. "ಒಂದು ಮಾತು ಗೊತ್ತಾಗಿದ್ರ ಹೊತ್ಕೊಂಡು ಕೆಳಗ ಇಳಸ್ತಿದ್ರು. ಕೆಳಗ ಬೇವಿನ ಗಿಡದ ನೆರಳೈತಿ. ಅಷ್ಟ ಸಾಕಿತ್ತು ನಮ್ಮವ್ವಗ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬರುವಾಗ ಇದ್ದಿರಬೇಕು, ಇಷ್ಟು ದೂರ ಬರುವಷ್ಟರಲ್ಲಿ ದಣಿದಿತ್ತು. ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದಳು.

"ಮತ್ತ ಹಂಗ ಆದ್ರ ಏನ್ ಮಾಡ್ತೀರಿ?"

"ಅದನ್ನೇ ಮಾಡ್ತೀನಿ" ಎಂದಳು ಹುಲಿಗೆಮ್ಮ. "ಮಾಡ್ತೀನಿ ಅನ್ಕೊಂಡೀನಿ. ಗೊತ್ತಿಲ್ಲ."

ಜಗದೇವಿ ತಲೆಯಾಡಿಸಿದಳು, ಅಷ್ಟನ್ನೇ ಕೇಳಲು ಬಂದವಳಂತೆ. ಚೀಲದ ಬಾಯಿ ಬಿಚ್ಚಿ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು. ನೋಟುಬುಕ್ಕಿನ ಹಾಳೆ, ದೊಡ್ಡ ದೊಡ್ಡ ಅಕ್ಷರದ ಬರಹ. ಅದರಲ್ಲಿ ಹನ್ನೊಂದು ಹೆಸರುಗಳಿದ್ದವು. ಪ್ರತಿ ಹೆಸರಿನ ಮುಂದೆ ಎಷ್ಟನೇ ಅಂತಸ್ತು, ಕೆಳಗೆ ಅವರನ್ನು ಹೊತ್ತು ಇಳಿಸುವ ಹುಡುಗರ ಫೋನ್ ನಂಬರು.

"ಬ್ಯಾಸಗಿ ದೂರಿಲ್ರಿ" ಎಂದು ಅವಳು ಕಾಗದವನ್ನು ಹುಲಿಗೆಮ್ಮನ ಕೈಗಿಟ್ಟಳು. "ನಮ್ಮ ಓಣಿ ಮುದುಕ್ರು. ಇವರು ಇನ್ನಾ ಅದಾರ."